ಸ್ವಾಮಿಗೆ ಸಲ್ಲುವ ಹಣ್ಣು

ಹೋದ ವರ್ಷದ ನರಸಿಂಹ ಜಯಂತಿಯಂದು ನಮ್ಮತ್ತೆ ಭಾನುಮತಿಯಮ್ಮನವರು ಸಾಲಿಗ್ರಾಮದ ಮುಂದೆ ಕೂತು ಹಿತ್ತಿಲ ಮರದ ಮಾವಿನಹಣ್ಣು ಹೆಚ್ಚಿದರು. ಒಳಗೆ ಕಪ್ಪು. ಇನ್ನೊಂದು ಹೆಚ್ಚಿದರು, ಅದೂ ಕಪ್ಪು. ಮೂರನೆಯದನ್ನು ಹೆಚ್ಚುವ ಮೊದಲೇ ತೊಟ್ಟಿನ ಹತ್ತಿರ ಅವರ ಹೆಬ್ಬೆರಳು ಮೆತ್ತಗೆ ಒಳಕ್ಕೆ ಹೋಯಿತು. ಈಳಿಗೆಮಣೆಯನ್ನು ಪಕ್ಕಕ್ಕೆ ಸರಿಸಿ, ಕೈ ತೊಳೆದುಕೊಂಡು ಬಂದು, ದೇವರ ಕಡೆಗೇ ನೋಡುತ್ತ ಹೇಳಿದರು:

“ಎಷ್ಟು ವರ್ಷದಿಂದ ಹೀಗೇ ಆಗ್ತಿದೆ. ಬರೋ ವರ್ಷವೂ ಸ್ವಾಮಿಗೆ ಕೊಳೆತ ಹಣ್ಣೇ ಆದರೆ, ಆ ಮರ ನಮ್ಮನೇಲಿರೋದು ಬೇಡ.”

ನಮ್ಮತ್ತೆ ಸುಮ್ಮಸುಮ್ಮನೆ ಮಾತಾಡುವವರಲ್ಲ. ಅದರಲ್ಲೂ ಸ್ವಾಮಿಯ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡೇ ಇಲ್ಲ. ಪೂಜೆಗೆ ಕೂತಿದ್ದ ನಮ್ಮ ಯಜಮಾನರು ಬಿಂದುಮಾಧವ ರಾಯರು ಗಂಟೆಯನ್ನು ಕೈಯಲ್ಲಿ ಹಿಡಿದುಕೊಂಡು ಒಮ್ಮೆ ತಾಯಿಯ ಮುಖ, ಒಮ್ಮೆ ನನ್ನ ಮುಖ ನೋಡಿದರು. ಹಾಗೆ ನೋಡುವುದೊಂದನ್ನು ಅವರು ಬಹಳ ಚೆನ್ನಾಗಿ ಮಾಡುತ್ತಾರೆ. ಹಿಂದೆ ನಿಂತಿದ್ದ ಮೈದುನ ಸುದರ್ಶನ ಮಾತ್ರ ಕೈಮುಗಿದು ಕಣ್ಣು ಮುಚ್ಚಿಕೊಂಡ. ಅವನ ಪ್ರಾರ್ಥನೆ ಅಲ್ಲೇ ಫಲಿಸಿತ್ತು.

ಸುದರ್ಶನ ಇರುವುದು ನಮ್ಮ ಮೇಲಿನ ಮಹಡಿಯಲ್ಲಿ, ಕೆಲಸ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ. ಕೆಟ್ಟವನಲ್ಲ. ಆದರೆ ಹೊಸ ಕಾರು ಕೊಂಡಾಗಿನಿಂದ ಅವನ ಕಣ್ಣು ಹಿತ್ತಿಲಿನ ಮೇಲೆ. ಮರ ಹೋದರೆ ಪಕ್ಕದ ಓಣಿಯಿಂದ ಕಾರು ಸಲೀಸಾಗಿ ಒಳಗೆ ಬರುತ್ತದಂತೆ, ಮೇಲೊಂದು ಶೀಟು ಹಾಕಿಸಬಹುದಂತೆ. ಮಾರನೆಯ ದಿನವೇ ಟೇಪು ಹಿಡಿದುಕೊಂಡು ಮರದ ಸುತ್ತ ಅಳೆಯುತ್ತಿದ್ದ.

“ಅಮ್ಮನೇ ಹೇಳಾಯ್ತಲ್ಲ ಅತ್ತಿಗೆ. ಪರ್ಮಿಷನ್ನಿಗೆ ಅರ್ಜಿ ಕೊಟ್ಟಿರ್ತೀನಿ. ಸಿಗೋ ಹೊತ್ತಿಗೆ ಮುಂದಿನ ಜಯಂತಿ ಬಂದಿರತ್ತೆ.”

“ಜಯಂತಿ ಬರಲಿ, ಆಮೇಲೆ ಅಳೆಯುವೆಯಂತೆ,” ಎಂದು ಟೇಪಿನ ಇನ್ನೊಂದು ತುದಿಯನ್ನು ಬುಡದಿಂದ ಕಿತ್ತು ಅವನ ಕಡೆಗೆ ಎಸೆದೆ.

ಆ ಬಾದಾಮಿ ಮಾವಿನ ಮರವನ್ನು ನೆಟ್ಟವಳು ನಾನು. ಸಿದ್ಧಾರ್ಥನಗರದ ಈ ಮನೆಗೆ ನಾನು ಬಂದಾಗ ಪಾತ್ರೆಪಡಗ, ದೇವರು ದಿಂಡರು, ಯಾವ ಹಬ್ಬಕ್ಕೆ ಯಾವ ಗೊಜ್ಜು ಎನ್ನುವುದು, ಎಲ್ಲವೂ ಮೊದಲೇ ನಿಗದಿಯಾಗಿತ್ತು. ನಾನಾಗಿ ತಂದು ಊರಿದ್ದು ಆ ಕಸಿ ಗಿಡ ಒಂದನ್ನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಮನೆಗೆ ಬಂದು, ಕಾಫಿ ಲೋಟ ಹಿಡಿದು ನಾನು ಕೂರುತ್ತಿದ್ದದ್ದು ಅದರ ಕೆಳಗೇ. ಅದನ್ನು ಕಡಿಯಲು ನಾನು ಬಿಡುವವಳಲ್ಲ. ಅಳುತ್ತ ಕೂರುವ ಜಾಯಮಾನ ನನ್ನದಲ್ಲ. ಕೊಳೆತದ್ದು ಹಣ್ಣು, ಕೊಳೆಸಿದ್ದು ಶಿಲೀಂಧ್ರ. ಅದರ ಜೊತೆ ಜಗಳ ಆಡುವುದು ಹೇಗೆ ಎಂದು ತಿಳಿದುಕೊಂಡರೆ ಆಯಿತು.

ತೋಟಗಾರಿಕೆ ಇಲಾಖೆಯಲ್ಲಿರುವ ನಿರಂಜನ್ ನನ್ನ ಹಳೆಯ ವಿದ್ಯಾರ್ಥಿ. ಫೋನ್ ಮಾಡಿದ್ದಕ್ಕೆ ಭಾನುವಾರ ಬೆಳಿಗ್ಗೆಯೇ ಬಂದ. ಮರವನ್ನು ಒಂದು ಸುತ್ತು ಹಾಕಿ, ಕೊಂಬೆಯ ತುದಿಯಲ್ಲಿ ಒಣಗಿ ನಿಂತಿದ್ದ ಕಡ್ಡಿಯೊಂದನ್ನು ಲಟಕ್ಕನೆ ಮುರಿದು ನನ್ನ ಕೈಗಿಟ್ಟ.

“ಮಿಸ್, ನಿಮ್ಮ ಶತ್ರು ಇಲ್ಲಿದಾನೆ ನೋಡಿ. ಈ ಸತ್ತ ಕಡ್ಡೀಲಿ, ಕೆಳಗೆ ಬಿದ್ದಿರೋ ಎಲೇಲಿ, ಆ ಒಣಗಿದ ಕಾಯೀಲಿ. ಮಳೆ ಬಂದರೆ ಇಲ್ಲಿಂದ ತೊಟ್ಟಿಕ್ಕಿ ಹೂವಿಗೆ, ಮಿಡಿಗೆ ಇಳೀತಾನೆ. ಕಾಯಲ್ಲಿ ಸುಮ್ಮನೆ ಮಲಗಿರ್ತಾನೆ. ಹಣ್ಣಾಗೋಕೆ ಶುರುವಾದ ತಕ್ಷಣ ಏಳ್ತಾನೆ.”

“ಅಂದರೆ ಕೊಯ್ಯೋವಾಗ ಚೆನ್ನಾಗಿ ಕಾಣಿಸಿದ್ದೆಲ್ಲ ಚೆನ್ನಾಗಿಲ್ಲ ಅನ್ನು.”

“ಹೌದು ಮಿಸ್. ಅದಕ್ಕೇ ಎರಡು ಸಲ ಹಿಡೀಬೇಕು ಅವನ್ನ. ಮರದ ಮೇಲೊಂದು ಸಲ, ಕೊಯ್ದ ಮೇಲೊಂದು ಸಲ. ಒಣಕಡ್ಡಿ ತೆಗೆಸಿ ಸುಟ್ಟುಬಿಡಿ. ಹೂ ಬರೋ ಮುಂಚೆ ಮೈಲುತುತ್ತ, ಸುಣ್ಣದ ದ್ರಾವಣ ಹೊಡೆಸಿ, ಮಿಡಿ ನಿಂತ ಮೇಲೆ ಇನ್ನೊಂದು ಸಲ. ಕೊಯ್ಯೋವಾಗ ತೊಟ್ಟು ಸ್ವಲ್ಪ ಇರಲೇಬೇಕು. ತೊಟ್ಟು ಕಿತ್ತರೆ ಆ ಗಾಯದಿಂದಲೇ ಕೊಳೆ ಒಳಗೆ ಹೋಗೋದು. ಕೊಯ್ದ ದಿನವೇ ಬಿಸಿನೀರಲ್ಲಿ ಅದ್ದಿ, ನೆರಳಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಹುಲ್ಲಲ್ಲಿಡಿ.”

“ಎಷ್ಟು ಬಿಸಿ?”

“ಐವತ್ತೆರಡು ಡಿಗ್ರಿ ಮಿಸ್, ಒಂದು ಹತ್ತು ನಿಮಿಷ. ಜಾಸ್ತಿಯಾದರೆ ಹಣ್ಣೇ ಬೇಯುತ್ತೆ, ಕಮ್ಮಿಯಾದರೆ ಅವನಿಗೆ ಅಭ್ಯಂಜನ ಮಾಡಿಸಿದ ಹಾಗೆ.”

ನಮ್ಮತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಜಪಮಣಿ ಎಣಿಸುತ್ತ ಕೂತಿದ್ದರು. ನಿರಂಜನ್ ಹೋದ ಮೇಲೆ, “ಯಾರೇ ಅದು, ಅಷ್ಟು ಹೊತ್ತು ವಟವಟ ಅಂತಿದ್ದದ್ದು?” ಎಂದು ಕೇಳಿದರು. ಹೇಳಿದೆ. “ಹೂಂ,” ಎಂದು ಮತ್ತೆ ಮಣಿ ಸರಿಸಿದರು.

ನಮ್ಮ ಮನೆಯಲ್ಲಿ ಅದುವರೆಗೆ ಏನು ನಡೆಯುತ್ತಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಕಾಯಿ ಇಳಿಸಿದ ಕೂಡಲೇ ನಮ್ಮತ್ತೆ ಮಡಿಯಲ್ಲಿ ಬಂದು, ಸೊನೆ ಇರುವ ತೊಟ್ಟು ಸ್ವಾಮಿಗೆ ಆಗದು ಎಂದು ಒಂದೊಂದರ ತೊಟ್ಟನ್ನೂ ಬುಡಸಮೇತ ಮುರಿಯುತ್ತಿದ್ದರು. ಮರ ಹತ್ತಿದ ಮರಿಯಯ್ಯನ ಕೈ ತಾಗಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಬೀದಿಯ ಧೂಳು ಎನ್ನುತ್ತಾರೆ. ಆ ಧೂಳು ಹೋಗಲೆಂದು ಮೂರು ಮೂರು ಸಲ ತಣ್ಣೀರಿನಲ್ಲಿ ತೊಳೆಯುತ್ತಿದ್ದರು. ಒರೆಸುವ ಬಟ್ಟೆ ಮೈಲಿಗೆಯಾಗಿದ್ದರೆ ಎಂಬ ಭಯಕ್ಕೆ ಒರೆಸದೆ, ನೀರು ಸೋರುತ್ತಿರುವಂತೆಯೇ ಮಡಿ ಕೋಣೆಯ ಹುಲ್ಲಿನೊಳಗೆ ಒತ್ತಾಗಿ ಹುದುಗಿಸುತ್ತಿದ್ದರು. ಕೊಳೆರೋಗಕ್ಕೆ ಹಾಸಿಗೆ ಹಾಸಿಕೊಡುವುದು ಎಂದರೆ ಇದೇ. ಇಷ್ಟು ವರ್ಷ ಕಣ್ಣೆದುರೇ ನಡೆಯುತ್ತಿದ್ದರೂ ಬುಟ್ಟಿ ಒಳಗೆ ಹೋದ ಮೇಲೆ ಅದು ಅವರ ರಾಜ್ಯ ಎಂದು ಎಲ್ಲರೂ ಸುಮ್ಮನಿದ್ದೆವು.

ಮರದ ಮೇಲಿನ ಕೆಲಸ ನನ್ನ ರಾಜ್ಯ. ಮಳೆ ಕಳೆದ ಮೇಲೆ ಕುಂಬಾರಕೊಪ್ಪಲಿನಿಂದ ಮರಿಯಯ್ಯನನ್ನು ಕರೆಸಿದೆ. ಒಣಗಿದ್ದ ಒಂದು ಕಡ್ಡಿಯನ್ನೂ ಬಿಡಬಾರದು ಎಂದು ಕೆಳಗೆ ನಿಂತು ಕತ್ತು ನೋಯುವವರೆಗೆ ತೋರಿಸಿದೆ.

“ಅಯ್ಯೋ ಬುಡಿ ಮೇಡಮ್ಮೋರೇ, ಅಷ್ಟ್ ಸಣ್ಣದು ಏನ್ ಮಾಡೀತು?”

“ಮಾಡೋದೆಲ್ಲ ಆ ಸಣ್ಣದೇ. ಕತ್ತರಿಸಪ್ಪ ನೀನು.”

ಕಡ್ಡಿಯ ರಾಶಿಗೆ ನಾನೇ ಬೆಂಕಿ ಇಟ್ಟೆ. ಹೊಗೆ ಮೇಲಿನ ಮಹಡಿಗೆ ಹೋಯಿತು ಎಂದು ಸುದರ್ಶನ ಕಿಟಕಿಗಳನ್ನೆಲ್ಲ ದಡಬಡನೆ ಮುಚ್ಚಿದ. ನನಗೆ ಸಂತೋಷವೇ ಆಯಿತು. ಹೂ ಬಿಡುವ ಮೊದಲು ಮೈಲುತುತ್ತದ ದ್ರಾವಣ ಹೊಡೆಸಿದಾಗ ಎಲೆಗಳೆಲ್ಲ ನೀಲಿಗಟ್ಟಿದವು. “ಸ್ವಾಮಿಯ ಹಣ್ಣಿಗೆ ವಿಷ ಹಾಕ್ತಿದೀಯಾ?” ಎಂದು ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. “ಹಣ್ಣೇ ಇನ್ನೂ ಬಂದಿಲ್ಲವಲ್ಲಮ್ಮ, ಬರೋಷ್ಟರಲ್ಲಿ ತೊಳೆದುಹೋಗಿರತ್ತೆ,” ಎಂದೆ. ದಿನಾ ಬೆಳಿಗ್ಗೆ ರಂಗೋಲಿಗಿಂತ ಮೊದಲು ಮರದ ಬುಡ ಗುಡಿಸುವುದು ನನ್ನ ವ್ರತವಾಯಿತು. ಮಿಡಿ ಕಟ್ಟುವ ಹೊತ್ತಿಗೆ ಸರಿಯಾಗಿ ಬೆಟ್ಟದ ಕಡೆಯಿಂದ ಮೋಡ ಕವಿದು ಎರಡು ದಿನ ಮಳೆ ಹೊಡೆಯಿತು. ಕಿಟಕಿಯಲ್ಲಿ ನಿಂತು ಆ ಮಳೆಗೆ ನಾನು ಬೈದ ಬೈಗುಳ ಒಬ್ಬ ನಿವೃತ್ತ ಶಿಕ್ಷಕಿಗೆ ಶೋಭಿಸುವಂಥದಲ್ಲ. ಬಿಸಿಲು ಬಂದ ಕೂಡಲೇ ಇನ್ನೊಂದು ಸಲ ಹೊಡೆಸಿದೆ. ಯಜಮಾನರು ಪಾಪ ಬಕೆಟ್ ಕಲಕುತ್ತ ನಿಂತರು; ಅವರ ಬಿಳಿ ಪಂಚೆ ಇವತ್ತಿಗೂ ನೀಲಿ ನೀಲಿ.

ವೈಶಾಖದಲ್ಲಿ ಕಾಯಿ ಬಲಿಯಿತು. ಜಯಂತಿಗೆ ಹಣ್ಣಾಗುವ ಹಾಗೆ ಲೆಕ್ಕ ಹಾಕಿ ಕೊಯ್ಯಿಸಿದೆ. ಬಲೆ ಕಟ್ಟಿದ ದೋಟಿಯಲ್ಲಿ ಮರಿಯಯ್ಯ ಒಂದೊಂದೇ ಇಳಿಸಿದ. ನಾನು ತೊಟ್ಟನ್ನು ಬೆರಳಗಲ ಉಳಿಸಿ ಕತ್ತರಿಸಿ, ಸೊನೆ ಸೋರಲೆಂದು ತಲೆಕೆಳಗಾಗಿ ಇಟ್ಟೆ. ಬಚ್ಚಲಿನ ಹಂಡೆಗೆ ಬೆಂಕಿ ಹಾಕಿದ್ದೆ. ಗಾಜಿನ ಥರ್ಮಾಮೀಟರ್ ಹಿಡಿದು, ಬಿಸಿ ಏರಿದರೆ ತಣ್ಣೀರು, ಇಳಿದರೆ ಸೌದೆ ಎಂದು ಒದ್ದಾಡುತ್ತ ಮೊದಲ ಬುಟ್ಟಿಯನ್ನು ಅದ್ದಿ ತೆಗೆದೆ. ಹಣ್ಣು ಹಬೆಯಾಡುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ.

“ಏನೇ ಇದು?”

“ಬಿಸಿನೀರಮ್ಮ. ಕೊಳೆ ಸಾಯಲಿ ಅಂತ.”

“ಬೇಯಿಸಿಬಿಟ್ಟೆಯಲ್ಲೇ! ಮುಸುರೆ ಆಗೋಯ್ತಲ್ಲೇ!”

ಅದೊಂದು ನನಗೆ ಹೊಳೆದೇ ಇರಲಿಲ್ಲ. ಮರದ ಹಣ್ಣು ಮರದ ಹಣ್ಣಾಗಿದ್ದರೆ ಮಾತ್ರ ಸ್ವಾಮಿಯ ಫಲದ ತಟ್ಟೆಗೆ ಸಲ್ಲುತ್ತದೆ. ಬೆಂಕಿಯ ಮೇಲಿನ ನೀರಿನಲ್ಲಿ ಬಿದ್ದರೆ ಅದು ಅನ್ನ, ಸಾರುಗಳ ಪಂಕ್ತಿಗೆ ಸೇರಿಹೋಯಿತು. ಜಯಂತಿಯೋ ಉಪವಾಸದ ದಿನ. ನಮ್ಮಂಥ ಮನೆಗಳಲ್ಲಿ ಇದಕ್ಕೆ ಅಪೀಲೇ ಇಲ್ಲ.

“ಬೆಂದಿಲ್ಲಮ್ಮ, ಮುಟ್ಟಿ ನೋಡಿ, ಕಲ್ಲಿನ ಹಾಗಿದೆ.”

“ನಾನು ಮುಟ್ಟಲ್ಲ.”

“ನೀವೂ ದಿನಾ ಬೆಳಿಗ್ಗೆ ಇದೇ ಹಂಡೆ ನೀರಲ್ಲೇ ಸ್ನಾನ ಮಾಡ್ತೀರಲ್ಲ, ನೀವೇನು ಮುಸುರೆಯಾ?”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಯಜಮಾನರು ಮೆಲ್ಲಗೆ ಪಂಚೆ ಎತ್ತಿಕೊಂಡು ಜಾಗ ಖಾಲಿ ಮಾಡಿದರು. ಸದ್ದು ಕೇಳಿ ಇಳಿದು ಬಂದಿದ್ದ ಸುದರ್ಶನ ಮೆಟ್ಟಿಲ ಮೇಲೆ ನಿಂತು ಕೆಮ್ಮಿದಂತೆ ನಕ್ಕ. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ.

“ಅದ್ದಿದ್ದು ನಿನ್ನದು. ನಿನ್ನ ಮಕ್ಕಳು ಮರಿ ತಿನ್ನಲಿ. ಇನ್ನೂ ಅದ್ದದೆ ಇರೋದನ್ನ ನನ್ನ ಕೋಣೆ ಬಾಗಿಲಲ್ಲಿಡು. ಸ್ವಾಮಿಗೆ ಅದೇ.”

“ಅದನ್ನ ನೀವು ಯಾವತ್ತಿನ ಹಾಗೆ ಮಾಡಿದರೆ ಕೊಳೆಯುತ್ತೆ ಅಮ್ಮ. ಕೊಳೆತರೆ ಮರ ಹೋಗತ್ತೆ. ನೀವೇ ಹೇಳಿದ್ದೀರಿ.”

“ಹೇಳಿದ್ದೀನಿ,” ಎಂದರು. “ಬುಟ್ಟಿ ಇಡು.”

ಇಟ್ಟೆ. ಬಾಗಿಲು ಮುಚ್ಚಿಕೊಂಡಿತು. ಸಿಟ್ಟಿನಲ್ಲಿ ಅದ್ದಿದ ಹಣ್ಣನ್ನೆಲ್ಲ ಹಿಂದಿನ ಕೋಣೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ, ಫ್ಯಾನು ಹಾಕಿ, ಥರ್ಮಾಮೀಟರನ್ನು ಅಡುಗೆಮನೆ ಕಿಟಕಿಯಲ್ಲಿ ಕುಕ್ಕಿ, ಸೆರಗು ಸರಿ ಮಾಡಿಕೊಂಡು ತಂಗಿಯ ಮನೆಗೆ ಹೊರಟುಹೋದೆ. ಸಂಜೆಯವರೆಗೂ ಬರಲಿಲ್ಲ.

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಹೇಳಲಾರೆ. ನನ್ನ ಕೋಣೆಯ ಹಣ್ಣು ದಿನಕ್ಕೊಂದು ಛಾಯೆ ಹಳದಿಯಾಗುತ್ತ ಬಂತು. ಒಂದರ ಮೇಲೂ ಚುಕ್ಕೆ ಇಲ್ಲ. ಒಂದನ್ನು ಹೆಚ್ಚಿ ನೋಡಿದೆ: ತೊಟ್ಟಿನಿಂದ ಬುಡದವರೆಗೆ ಒಂದೇ ಬಣ್ಣ, ಮನೆ ತುಂಬ ಘಮ. ಯಜಮಾನರು, “ಗೆದ್ದೆ ಕಣೇ,” ಎಂದರು. “ಎಲ್ಲಿ ಗೆದ್ದೆ? ಇದು ಮುಸುರೆ,” ಎಂದು ಅವರ ಮೇಲೆಯೇ ಹರಿಹಾಯ್ದೆ. ಚೆನ್ನಾಗಿರುವ ಹಣ್ಣು ಸ್ವಾಮಿಗೆ ಸಲ್ಲುವುದಿಲ್ಲ, ಸ್ವಾಮಿಗೆ ಸಲ್ಲುವ ಹಣ್ಣು ಮುಚ್ಚಿದ ಬಾಗಿಲಿನ ಹಿಂದೆ ಒದ್ದೆ ಹುಲ್ಲಿನಲ್ಲಿ ಕೊಳೆಯುತ್ತಿದೆ. ನನಗೆ ಅದೇ ಕಣ್ಣಿಗೆ ಕಟ್ಟಿದಂತಾಗಿತ್ತು.

ಬದಲಾಯಿಸಿ ಇಟ್ಟುಬಿಡೋಣ ಎನ್ನಿಸಲಿಲ್ಲವೇ ಎಂದರೆ, ಎನ್ನಿಸಿತು. ಅತ್ತೆ ಮಠಕ್ಕೆ ಹೋಗಿದ್ದಾಗ ಮಡಿಲಲ್ಲಿ ಹಣ್ಣು ತುಂಬಿಕೊಂಡು ಆ ಬಾಗಿಲವರೆಗೂ ಹೋದೆ. ಚಿಲಕದ ಮೇಲೆ ಕೈ ಇಟ್ಟು, ವಾಪಸು ಬಂದೆ. ಅವರ ನಂಬಿಕೆ ನನಗಿಲ್ಲದಿರಬಹುದು. ಅವರಿಗೆ ಗೊತ್ತಿಲ್ಲದಂತೆ ಅದನ್ನು ಕೆಡಿಸುವುದು ನನ್ನಿಂದಾಗಲಿಲ್ಲ. ಜಗಳ ಆಡುವುದಾದರೆ ಮುಖಾಮುಖಿ ಆಡುತ್ತೇನೆ. ಗರಗಸದವನು ಬಂದರೆ ಮರಕ್ಕೆ ಬೆನ್ನು ಕೊಟ್ಟು ಕೂರುತ್ತೇನೆ, ಸುದರ್ಶನ ಕಾರನ್ನು ನನ್ನ ಮೇಲೆ ಹತ್ತಿಸಿಕೊಂಡು ಒಳಗೆ ಬರಲಿ ಎಂದು ನಿರ್ಧಾರ ಮಾಡಿಕೊಂಡೆ. ಅವನು ಆಗಲೇ ಪರ್ಮಿಷನ್ ಕಾಗದವನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದ. ಜಯಂತಿಯ ಮರುದಿನಕ್ಕೆ ಗರಗಸದವನಿಗೂ ಹೇಳಿಯಾಗಿತ್ತು.

ಜಯಂತಿಯ ಸಂಜೆ ಪಾನಕ, ಕೋಸಂಬರಿ ಎಲ್ಲ ಸಿದ್ಧವಾಯಿತು. ಯಜಮಾನರು ಅಭಿಷೇಕ ಮುಗಿಸಿದರು. ಅತ್ತೆ ಮಡಿ ಕೋಣೆಯಿಂದ ಬೆಳ್ಳಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ.

ಅವರು ಮೊದಲ ಹಣ್ಣು ಹೆಚ್ಚಿದರು. ಕೇಸರಿ. ಎರಡನೆಯದು, ಕೇಸರಿ. ಮೂರು, ನಾಲ್ಕು, ಐದು. ಎಲ್ಲಿಯೂ ಒಂದು ಕಪ್ಪು ಎಳೆ ಇಲ್ಲ. ಸ್ವಾಮಿಯ ಮುಂದೆ ಹೋಳುಗಳ ರಾಶಿಯಾಯಿತು. ಯಜಮಾನರ ಗಂಟೆ ಆವತ್ತು ಯಾಕೋ ಬಹಳ ಜೋರಾಗಿತ್ತು.

ನನಗೆ ಮೊದಲು ಬಂದದ್ದು ಕಣ್ಣೀರು. ಅದರ ಹಿಂದೆಯೇ ಅವಮಾನ. ಹಾಗಾದರೆ ತಣ್ಣೀರೇ ಸಾಕಾಗಿತ್ತೇ? ಹಂಡೆ, ಸೌದೆ, ಐವತ್ತೆರಡು ಡಿಗ್ರಿ, ಅತ್ತೆಯ ಜೊತೆ ಆಡಿದ ಆ ಹಾಳು ಮಾತು, ಎಲ್ಲವೂ ದಂಡವೇ? ಸುದರ್ಶನನ ಮುಖ ಸಪ್ಪಗಾಗಿತ್ತು. ಆದರೂ ಬಿಟ್ಟಾನೆಯೇ? ಮಂಗಳಾರತಿ ತೆಗೆದುಕೊಳ್ಳುತ್ತ, “ನೋಡಿದ್ರಾ ಅತ್ತಿಗೆ, ಬಿಸಿನೀರು ಗಿಸಿನೀರು ಏನೂ ಬೇಕಿರಲಿಲ್ಲ. ಅಮ್ಮನ ತಣ್ಣೀರಿಗೇ ಸ್ವಾಮಿ ಒಲಿದ,” ಎಂದ.

ಆಗ ನನ್ನ ಕಣ್ಣು ತಟ್ಟೆಯಲ್ಲಿ ಹೆಚ್ಚದೆ ಉಳಿದಿದ್ದ ಹಣ್ಣಿನ ಮೇಲೆ ಬಿತ್ತು. ಅದರ ತೊಟ್ಟು ಹಾಗೆಯೇ ಇತ್ತು. ನಾನು ಕತ್ತರಿಸಿದಂತೆಯೇ, ಬೆರಳಗಲ. ಜೀವಮಾನದಲ್ಲಿ ಒಂದು ಹಣ್ಣಿನ ತೊಟ್ಟನ್ನೂ ಉಳಿಸದವರು ನಮ್ಮತ್ತೆ. ನಾನು ತಲೆಯೆತ್ತಿ ಅವರನ್ನು ನೋಡಿದೆ. ಅವರು ಪಾನಕದ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ನಡೆದರು. ನಾನು ಹಿಂದೆಯೇ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ.

“ಅಮ್ಮ, ಏನು ಮಾಡಿದಿರಿ?”

“ಮುಟ್ಟಬೇಡ, ಮಡೀಲಿದೀನಿ.”

“ಮುಟ್ಟಲ್ಲ. ಹೇಳಿ.”

ಅವರು ಲೋಟಗಳನ್ನು ಸಾಲಾಗಿ ಇಡುತ್ತಲೇ ಹೇಳಿದರು: “ನೀನು ಮೂತಿ ತಿರುಗಿಸ್ಕೊಂಡು ತಂಗಿ ಮನೆಗೆ ಹೋದೆಯಲ್ಲ, ಆವಾಗ. ದೇವರ ತಾಮ್ರದ ಕೊಪ್ಪರಿಗೇಲಿ ನೀರು ಕಾಸಿದೆ. ನಿನ್ನ ಆ ಗಾಜಿನ ಕಡ್ಡೀನ ಹುಣಸೆಹಣ್ಣು ಹಾಕಿ ತಿಕ್ಕಿ ತೊಳ್ಕೊಂಡೆ. ಐವತ್ತೆರಡು ಅಂದಿದ್ದನಲ್ಲ ಆ ಹುಡುಗ? ಹಾಗೇ ಮಾಡಿದೆ. ಹೊಸ ಮಡಿಬಟ್ಟೇಲಿ ಒರೆಸಿ ಒಣಗಿಸಿ ಇಟ್ಟೆ.”

“ಮತ್ತೆ ನನ್ನದು ಮುಸುರೆ ಅಂದಿರಿ!”

“ನಿನ್ನದು ಮುಸುರೆಯೇ. ಬಚ್ಚಲು ಹಂಡೆ, ಮೈಲಿಗೆ ಸೀರೆ, ಬಾಯಲ್ಲಿ ಬೈಗುಳ. ಸ್ವಾಮಿಗೆ ಪಂಚಾಮೃತ ಆದಮೇಲೆ ಉಷ್ಣೋದಕದಲ್ಲಿ ಸ್ನಾನ ಮಾಡಿಸಲ್ವೇ? ಆ ಬಿಸಿನೀರಿಂದ ಅವನು ಬೆಂದ್ಹೋದನೇ? ನಾನು ಹಣ್ಣಿಗೆ ಮಂತ್ರ ಹೇಳಿಕೊಂಡು ಉಷ್ಣೋದಕ ಮಾಡಿಸಿದೆ. ಅದು ಅಭಿಷೇಕ.”

ಮೂವತ್ತು ವರ್ಷ ಮಕ್ಕಳಿಗೆ ಕಾರ್ಯಕಾರಣ ಸಂಬಂಧ ಹೇಳಿಕೊಟ್ಟ ನನಗೆ ನಗು ಬಂತು, ಅಳು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ದಿನ ನಾನು ನಿದ್ದೆ ಇಲ್ಲದೆ ಬೇಯುತ್ತಿದ್ದರೂ ಒಂದು ಮಾತು ಹೇಳಬಾರದಿತ್ತೇ?

“ಮರ ಬೇಕು ಅಂತ ನಿಮಗೂ ಇತ್ತಾ?”

“ಸಿಟ್ಟಲ್ಲಿ ಸ್ವಾಮಿ ಮುಂದೆ ಆಡಿಬಿಟ್ಟೆ. ಆಡಿದ್ದನ್ನ ನುಂಗೋಕಾಗತ್ತಾ? ಹಣ್ಣು ಚೆನ್ನಾಗಿ ಆಗಲೇಬೇಕಿತ್ತು.” ಅವರ ದನಿ ಒಂದು ಕ್ಷಣ ಒಡೆಯಿತು. ಕೂಡಲೇ ಸರಿಮಾಡಿಕೊಂಡರು.

“ನಾನು ಈಗಲೇ ಹೋಗಿ ಸುದರ್ಶನನಿಗೆ ಹೇಳ್ತೀನಿ. ಬಿಸಿನೀರಿಂದಲೇ ಆಗಿದ್ದು ಅಂತ.”

“ಹೇಳು ಹೋಗು,” ಎಂದರು ಅತ್ತೆ. “ಬಿಸಿನೀರಲ್ಲಿ ಬಿದ್ದದ್ದು ಮುಸುರೆ ಅಂತ ನಾನು ಅಂದದ್ದನ್ನ ಅವನು ಮೆಟ್ಟಿಲ ಮೇಲೆ ನಿಂತು ಕೇಳಿಸ್ಕೊಂಡಿದಾನೆ. ಮುಸುರೆ ನೈವೇದ್ಯ ಆಯ್ತು, ಲೆಕ್ಕಕ್ಕಿಲ್ಲ ಅಂತ ಹಿಡ್ಕೋತಾನೆ. ನಾಳೆ ಬೆಳಿಗ್ಗೆ ಗರಗಸ ಬರತ್ತೆ. ನಿನಗೆ ಗೆಲ್ಲಬೇಕೋ, ಮರ ಬೇಕೋ? ನೀನೇ ಯೋಚನೆ ಮಾಡು.”

ಪಾನಕದ ತಟ್ಟೆಯನ್ನು ನನ್ನ ಮುಂದೆ ಸರಿಸಿದರು. ಎತ್ತಿಕೊಂಡು ಹೊರಗೆ ಬಂದೆ. ಹಜಾರದಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದರು. ಹಣ್ಣು ಬಾಯಿಗಿಟ್ಟವರೆಲ್ಲ ಆಹಾ ಎನ್ನುತ್ತಿದ್ದರು. ಸುದರ್ಶನ ಸೋತಿದ್ದ, ಸೋತವನಿಗೆ ಏನಾದರೂ ಒಂದು ಬೇಕಿತ್ತು.

“ನೀವು ಸೈನ್ಸ್ ಟೀಚರು ಅತ್ತಿಗೆ, ಎಲ್ಲರ ಮುಂದೆ ಒಪ್ಪಿಕೊಂಡುಬಿಡಿ. ಹಣ್ಣು ಕೆಡದ ಹಾಗಿರೋಕೆ ತಣ್ಣೀರಲ್ಲಿ ತೊಳೆದರೆ ಸಾಕು, ಅಲ್ವೇ?”

ಎಲ್ಲರೂ ನನ್ನ ಕಡೆ ತಿರುಗಿದರು. ಅಡುಗೆಮನೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮೂವತ್ತು ವರ್ಷದ ಪಾಠವನ್ನೆಲ್ಲ ಪಾನಕದ ತಟ್ಟೆಯ ಜೊತೆ ಕೆಳಗಿಟ್ಟೆ.

“ಹೌದಪ್ಪ,” ಎಂದೆ. “ತಣ್ಣೀರೇ ಸಾಕು.”

ಅವನು ಗೆದ್ದವನಂತೆ ನಕ್ಕು, ಫೋನ್ ತೆಗೆದು ಗರಗಸದವನಿಗೆ ನಾಳೆ ಬರಬೇಡ ಎಂದು ಹೇಳಿದ. ನಾನು ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಬಹಳ ಸಿಹಿಯಾಗಿತ್ತು.